ಮೊದಲ ಮಹಡಿಯ ಸುತ್ತಿಗೆ

ನಮ್ಮ ಕೆಳಗಿನ ಮನೆಯಲ್ಲಿ ಸುತ್ತಿಗೆಯ ಪೆಟ್ಟು ಮೊದಲ ಸಲ ಬಿದ್ದ ದಿನ ನಾನು ಯಾರದೋ ಮದುವೆಯ ರೇಷ್ಮೆ ಸೀರೆಗೆ ಫಾಲ್ ಹಚ್ಚುತ್ತಿದ್ದೆ. ಮಷಿನ್ನಿನ ಮೇಲಿಟ್ಟಿದ್ದ ಕತ್ತರಿ ತಾನಾಗಿಯೇ ಸರಿದು ಕೆಳಗೆ ಬಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತೆ, "ಏನವಾ ಅದು, ಭೂಮಿ ನಡುಗತೇನು?" ಎಂದರು. ನಡುಗಿದ್ದು ಭೂಮಿಯಲ್ಲ, ನಮ್ಮ ನೆಲ. ನಮ್ಮ ನೆಲವೆಂದರೆ ಕೆಳಗಿನವರ ಸೂರು.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದ ಒಂದು ಗಲ್ಲಿಯಲ್ಲಿ ನಮ್ಮ ಬಿಲ್ಡಿಂಗ್ ಇತ್ತು. ನಾಲ್ಕು ಮಹಡಿ, ಕಟ್ಟಿಗೆಯ ಮೆಟ್ಟಿಲು, ಪ್ರತಿ ಮಹಡಿಗೂ ಉದ್ದನೆಯ ಗ್ಯಾಲರಿ. ಎರಡನೆಯ ಮಹಡಿಯ ಮೂಲೆಯ ಎರಡು ಕೋಣೆಗಳು ನಮ್ಮವು. ಬಾಗಲಕೋಟೆಯ ಕಡೆಯಿಂದ ಬಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನನ್ನ ಮಾವ ಪಗಡಿ ಎಂಬ ದೊಡ್ಡ ಮುಂಗಡ ಕೊಟ್ಟು ಕಾಯಂ ಬಾಡಿಗೆಗೆ ಹಿಡಿದ ಮನೆ ಅದು. ಪಗಡಿಯ ಮನೆ ಪೂರ್ತಿ ನಮ್ಮದೂ ಅಲ್ಲ, ನಮ್ಮದಲ್ಲ ಎಂದು ಯಾರೂ ಹೇಳುವ ಹಾಗೂ ಇಲ್ಲ. ಒಳಗೆ ಇರುವ ತನಕ ನಮ್ಮದು. ಮಾವ ತೀರಿಕೊಂಡ ಮೇಲೆ ಆ ಎರಡು ಕೋಣೆಗಳಲ್ಲಿ ನಾವು ನಾಲ್ಕು ಜನ ಉಳಿದೆವು: ದಾದರಿನ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ, ಕಾಲೇಜಿಗೆ ಹೋಗುವ ಮಗಳು, ಅತ್ತೆ, ನಾನು. ಗಂಡನ ಅಂಗಡಿಯಿಂದ ಬರುವ ಸೀರೆಗಳಿಗೆ ನಾನು ಮನೆಯಲ್ಲೇ ಫಾಲ್ ಹಚ್ಚಿ ಪಿಕೋ ಮಾಡಿ ಕೊಡುತ್ತಿದ್ದೆ.

ಮೊದಲ ಮಹಡಿಗೆ ಅಣ್ಣ ತಮ್ಮ ಇಬ್ಬರು ಬಂದು ಕೆಲವು ವರ್ಷಗಳಾಗಿದ್ದವು. ಮೊದಲು ಒಂದು ಕೋಣೆ ಹಿಡಿದರು. ಆಮೇಲೆ ಅದರ ಪಕ್ಕದ್ದು, ಅದರಾಚೆಯದ್ದು. ಒಬ್ಬೊಬ್ಬರೇ ಹಳೆಯ ಬಾಡಿಗೆದಾರರು ಸಾಮಾನು ಕಟ್ಟಿಕೊಂಡು ದೂರದ ವಿರಾರಿನ ಕಡೆಗೋ ಬದಲಾಪುರದ ಕಡೆಗೋ ಹೋದರು. ಖಾಲಿಯಾದ ಕೋಣೆಗಳಲ್ಲಿ ಅವರು ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು ಕಬ್ಬಿಣದ ಮಂಚ ಜೋಡಿಸಿ, ಊರಿಗೆ ಹೊಸದಾಗಿ ಬಂದವರಿಗೆ, ಸೇಲ್ಸ್‌ಮನ್ನುಗಳಿಗೆ, ಆಸ್ಪತ್ರೆಗೆ ರೋಗಿಯ ಜತೆ ಬಂದವರಿಗೆ ಬಾಡಿಗೆಗೆ ಕೊಡತೊಡಗಿದರು. ಮಲಗಲು ಬರುವ ಆ ಮಂದಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ಒಂದೇ ಮೆಟ್ಟಿಲ ಮೇಲೆ ಅಷ್ಟು ಜನ. ಗೋಡೆಯ ಮೂಲೆ ಮೂಲೆಯಲ್ಲಿ ಗುಟ್ಕಾದ ಉಗುಳು, ತಿರುವಿನಲ್ಲಿ ಮೂತ್ರದ ವಾಸನೆ, ಜೋರಾಗಿ ಹಾಕಿದ ಮೊಬೈಲು, ದಿನಕ್ಕೊಂದು ಜಗಳ. ಕುಡಿದವರು ಮಹಡಿ ತಪ್ಪಿ ಬಂದು ನಮ್ಮ ಬಾಗಿಲು ಬಡಿಯುತ್ತಿದ್ದರು. "ಖೋಲ್ ನಾ ಯಾರ್" ಎಂದು ಒಬ್ಬ ಬಾಗಿಲಿಗೆ ಒರಗಿಯೇ ಕೂತುಬಿಟ್ಟಿದ್ದ. ಅವನು ಎದ್ದು ಹೋಗುವ ತನಕ ನನ್ನ ಮಗಳು ಒಳಗಿನಿಂದ ಚಿಲಕ ಹಿಡಿದುಕೊಂಡು ನಿಂತಿದ್ದಳು.

ಕಿಟಕಿಯ ಕೆಳಗೆ, ಬಿಲ್ಡಿಂಗಿನ ಗೋಡೆಗೆ ಹೊಂದಿಕೊಂಡ ಫುಟ್‌ಪಾತಿನಲ್ಲಿ ಒಬ್ಬ ಹೆಂಗಸು ಮತ್ತು ಅವಳ ಗಂಡ ಇದ್ದರು. ಬಾದಾಮಿ ಮರಕ್ಕೂ ನೀರಿನ ಪೈಪಿಗೂ ಹಗ್ಗ ಕಟ್ಟಿ ನೀಲಿ ತಾಡಪತ್ರಿ ಹೊದಿಸಿದ ಜಾಗ ಅವರದು. ಗಂಡ ಒಂದು ಕಾಲಕ್ಕೆ ಕೈಗಾಡಿ ಎಳೆಯುತ್ತಿದ್ದವನು. ಈಗ ಕೆಮ್ಮುತ್ತ ಮಲಗಿಯೇ ಇರುತ್ತಿದ್ದ. ಅವಳು ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದಳು. ಬೆಳಿಗ್ಗೆ ಗೋಣಿಚೀಲ ಬರುತ್ತಿತ್ತು, ಸಂಜೆ ಸುಲಿದ ಬೆಳ್ಳುಳ್ಳಿ ಡಬ್ಬಗಳಲ್ಲಿ ಹೋಗುತ್ತಿತ್ತು. ಸಿಪ್ಪೆ ಮಾತ್ರ ಗಾಳಿಗೆ ಹಾರಿ ಎರಡನೆಯ ಮಹಡಿಯ ತನಕ ಬರುತ್ತಿತ್ತು.

ಅತ್ತೆಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಅತ್ತೆ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದರು. ದಿನವಿಡೀ ಕಿಟಕಿಯೇ ಅವರ ಲೋಕ. ಆ ಲೋಕದ ನಡುಮಧ್ಯೆ ಅವಳು ಕೂತಿದ್ದಳು. "ನೋಡಿಲ್ಲೆ, ಬಳ್ಳೊಳ್ಳಿ ಸಿಪ್ಪಿ ನನ್ನ ಚಹಾದಾಗ ಬಂದು ಬಿದ್ದಾವ. ಹಾಳಾಗಿ ಹೋಗ್ಲಿ ಇಕಿ ಬಾಳೇ. ಮುಂಜಾನೆದ್ದು ಇಕಿ ಮಾರಿ ನೋಡಬೇಕ ನಾನು" ಎಂದು ಕಿಟಕಿಯ ಸರಳು ಹಿಡಿದು ಗಟ್ಟಿಯಾಗಿಯೇ ಬೈಯುತ್ತಿದ್ದರು. ಕೆಳಗಿನವಳು ತಲೆ ಎತ್ತುತ್ತಿರಲಿಲ್ಲ. ನಮ್ಮೊಡನೆ ಅವಳು ಮಾತಾಡಿದ್ದೇ ಕಡಿಮೆ, ಆಡಿದ್ದೂ ಮರಾಠಿಯಲ್ಲೋ ಹಿಂದಿಯಲ್ಲೋ. "ಅತ್ತಿ, ಸಾಕು ಬಿಡ್ರಿ, ಕೇಳ್ತಾಳ" ಎಂದರೆ ಅತ್ತೆ, "ಕೇಳ್ಲಿ ಬಿಡು, ಆಕಿಗೇನ್ ತಿಳೀತೈತಿ?" ಎನ್ನುತ್ತಿದ್ದರು.

ಸುತ್ತಿಗೆ ಶುರುವಾದ ಮೇಲೆ ನಮ್ಮ ದಿನಗಳೇ ಬೇರೆಯಾದವು. ಅಣ್ಣ ತಮ್ಮಂದಿರು ಕೋಣೆಗಳ ನಡುವಿನ ಗೋಡೆ ಒಡೆಸಿ ಒಂದು ಮಾಡುತ್ತಿದ್ದರು, ಹಿಂದಿನ ಬದಿಗೆ ಸಾಲಾಗಿ ಬಾತ್‌ರೂಮ್ ಕಟ್ಟಿಸುತ್ತಿದ್ದರು. ನೆಲದ ಸಂದಿನಿಂದ ಬಿಳಿ ಧೂಳು ಮೇಲೇಳುತ್ತಿತ್ತು. ಅಕ್ಕಿ ಡಬ್ಬದ ಮೇಲೆ, ದೇವರ ಗೂಡಿನಲ್ಲಿ, ಮಡಚಿಟ್ಟ ಸೀರೆಗಳ ಮೇಲೆ ಧೂಳು. ಸೀರೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟರೂ ಮಡಿಕೆಯೊಳಗೆ ಹೊಕ್ಕಿರುತ್ತಿತ್ತು. ಒಂದು ದಿನ ನಮ್ಮ ಮುಂಬಾಗಿಲು ಹಾಕಲು ಬರಲಿಲ್ಲ. ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಮಳೆಗಾಲದ ಕಟ್ಟಿಗೆ ಉಬ್ಬಿದೆ ಎಂದು ನನ್ನ ಗಂಡ ಭಾನುವಾರ ಉಜ್ಜುಗೊರಡು ತಂದು ಕೆರೆದರು. ಮುಂದಿನ ಭಾನುವಾರದ ಹೊತ್ತಿಗೆ ಮತ್ತೆ ಸಿಕ್ಕಿಕೊಂಡಿತು. ಬಾಗಿಲು ಉಬ್ಬಿರಲಿಲ್ಲ, ಚೌಕಟ್ಟು ಓರೆಯಾಗಿತ್ತು. ಅದನ್ನು ನಾವಿಬ್ಬರೂ ಒಟ್ಟಿಗೇ ಕಂಡೆವು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಅತ್ತೆ ಅಲ್ಲೇ ಕೂತಿದ್ದರು.

ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ನಾನು ಧೂಳು ಹಿಡಿದ ಸೀರೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕೆಳಗಿಳಿದೆ. ಅಣ್ಣ ಮೆಟ್ಟಿಲ ಬಳಿಯ ಮೇಜಿನ ಹಿಂದೆ ಕೂತಿದ್ದ. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು.

"ಬನ್ನಿ ಭಾಬಿ, ಚಹಾ ತಗೋತೀರಾ?" ಎಂದ ಹಿಂದಿಯಲ್ಲಿ.

"ಚಹಾ ಬೇಡ ಭಾಯ್‌ಸಾಬ್. ಗೋಡೆ ಒಡೆಯೋದು ನಿಲ್ಲಿಸಿ. ನಮ್ಮ ಬಾಗಿಲು ಹಾಕೋಕೆ ಬರ್ತಿಲ್ಲ."

"ಸಣ್ಣ ರಿಪೇರಿ ಭಾಬಿ, ನಾಲ್ಕು ದಿನ."

"ರಿಪೇರಿ ಅಲ್ಲ ಇದು. ನೀವು ಒಡೆಯೋ ಗೋಡೆ ಮೇಲೆ ನನ್ನ ಮನೆ ನಿಂತಿದೆ."

ಅಷ್ಟರಲ್ಲಿ ಅವನ ತಮ್ಮ ಒಳಗಿನಿಂದ ಬಂದ. ಅವನು ದೊಡ್ಡ ಆಳು. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುತ್ತಿರಲಿಲ್ಲ. "ಭಯ ಇದ್ದರೆ ಬಿಟ್ಟು ಹೋಗಿ. ಕೋಣೆ ನಾವೇ ತಗೋತೀವಿ. ಎಷ್ಟು ಸಲ ಹೇಳಿದ್ದೀವಿ ನಿಮ್ಮ ಗಂಡನಿಗೆ?" ಎಂದ.

ಅವರು ನನ್ನ ಗಂಡನ ಹತ್ತಿರ ಕೋಣೆ ಕೇಳಿದ್ದರು ಎಂಬುದು ನನಗೆ ಗೊತ್ತಾದದ್ದೇ ಆಗ. ಸಂಜೆ ಕೇಳಿದಾಗ ಗಂಡ ಚಪ್ಪಲಿ ಬಿಚ್ಚುತ್ತ ತಲೆ ತಗ್ಗಿಸಿಕೊಂಡೇ, "ನಿನಗ್ಯಾಕ ಹೇಳಿ ಹೆದರಿಸೂದಂತ ಸುಮ್ಮಿದ್ದೆ. ನೀ ಕೆಳಗ ಹೋಗಬಾರದಿತ್ತು. ಅವ್ರ ಕೂಡ ಬಡಿದಾಡೋ ಮಂದಿ ಅಲ್ಲ ನಾವು" ಎಂದರು. ಅವರು ಹೇಡಿಯಲ್ಲ. ಮೆಟ್ಟಿಲ ಮೇಲೆ ಮಗಳು ದಿನಾ ಒಬ್ಬಳೇ ಓಡಾಡಬೇಕೆಂಬುದನ್ನು ನನಗಿಂತ ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು, ಅಷ್ಟೆ.

ಅವರ ಲೆಕ್ಕ ಸರಿಯಾಗಿಯೇ ಇತ್ತು. ಅದೇ ವಾರ ನಮ್ಮ ನಲ್ಲಿಗೆ ನೀರು ಬರುವುದು ನಿಂತಿತು. ಕೆಳಗೆ ಹೊಸ ಮೋಟರು ಕೂರಿಸಿ ಬಂದ ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದರು. ಮಗಳ ಪರೀಕ್ಷೆಯ ದಿನ ಬೆಳಿಗ್ಗೆ ಯಾರೋ ನಮ್ಮ ಬಾಗಿಲ ಹೊರ ಚಿಲಕ ಹಾಕಿದ್ದರು. ನಾವು ಕೂಗಿಕೊಂಡದ್ದು ಕೇಳಿ ಮೇಲಿನ ಮನೆಯವರು ಬಂದು ತೆಗೆದಾಗ ಅವಳು ಅಳುತ್ತಲೇ ಓಡಿದಳು. ತಮ್ಮನಾದವನು ಮೆಟ್ಟಿಲ ತಿರುವಿನಲ್ಲಿ ನಿಲ್ಲತೊಡಗಿದ. ಮುಟ್ಟುತ್ತಿರಲಿಲ್ಲ, ಕೆಟ್ಟ ಮಾತೂ ಆಡುತ್ತಿರಲಿಲ್ಲ. ದಾರಿ ಬಿಡಲು ಮಾತ್ರ ತಡ ಮಾಡುತ್ತಿದ್ದ. "ಕಾಲೇಜಾ?" ಎಂದು ಕೇಳುತ್ತಿದ್ದ. "ಮಮ್ಮಿ, ವೋ ಕುಛ್ ಕರ್ತಾ ನಹೀಂ ಹೈ, ಸುಮ್ನೆ ನಿಂತಿರ್ತಾನೆ. ಪೋಲೀಸರಿಗೆ ಏನಂತ ಹೇಳೋದು?" ಎಂದು ಮಗಳು ಕೇಳಿದಳು. ಅಂದಿನಿಂದ ಅವಳು ಹೋಗುವಾಗ ಅಪ್ಪನ ಜತೆ ಇಳಿಯುತ್ತಿದ್ದಳು. ಬರುವಾಗ ಗಲ್ಲಿಯ ತುದಿಯಿಂದ ಫೋನ್ ಮಾಡುತ್ತಿದ್ದಳು, ನಾನು ಕೆಳಗೆ ಹೋಗಿ ಕರೆತರುತ್ತಿದ್ದೆ.

ಬಿಲ್ಡಿಂಗಿನಲ್ಲಿ ಉಳಿದ ಹಳಬರು ಒಂದು ಮೀಟಿಂಗ್ ಮಾಡಿದರು. ಅಣ್ಣನೂ ಬಂದ, ಎಲ್ಲರಿಗಿಂತ ಮೊದಲು ಅವನೇ ಮಾತು ತೆಗೆದ. ಗೋಡೆ ಬಿರುಕು ಬಿಡುತ್ತಿರುವುದು ಫುಟ್‌ಪಾತಿನವರಿಂದ. ಗೋಡೆಗೇ ಒಲೆ ಹಚ್ಚುತ್ತಾರೆ, ಪೈಪಿಗೇ ಹಗ್ಗ ಕಟ್ಟುತ್ತಾರೆ, ಮೊದಲು ಅವರನ್ನು ಎಬ್ಬಿಸಬೇಕು ಎಂದ. ಅರ್ಧ ಜನ ತಲೆದೂಗಿದರು. ಅವನ ವಿರುದ್ಧ ಮಾತಾಡುವುದಕ್ಕಿಂತ ಅವಳ ವಿರುದ್ಧ ಮಾತಾಡುವುದು ಸುಲಭವಿತ್ತು. "ಒಂದು ಸ್ಟವ್ವಿನಿಂದ ನನ್ನ ಬಾಗಿಲು ಓರೆ ಆಗ್ತದಾ?" ಎಂದು ನಾನು ಕೇಳಿದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಎರಡು ದಿನ ಬಿಟ್ಟು ಮುನಿಸಿಪಾಲಿಟಿಯ ಗಾಡಿ ಬಂತು. ಅವಳ ಸ್ಟವ್ವು, ತಾಡಪತ್ರಿ, ಕೊಡ, ಎರಡು ಚೀಲ ಬೆಳ್ಳುಳ್ಳಿ ಎಲ್ಲ ಅದರೊಳಗೆ ಹೋಯಿತು. ಅವಳು ಗಂಡನನ್ನು ಮರಕ್ಕೆ ಒರಗಿಸಿ ಕೂರಿಸಿ, ಗಾಡಿಯ ಹಿಂದೆ ಗಲ್ಲಿಯ ತುದಿಯ ತನಕ ಓಡಿದ್ದನ್ನು ಕಿಟಕಿಯಿಂದ ನೋಡಿದೆ. ಅತ್ತೆಯೂ ನೋಡಿದರು. ಆ ದಿನ ಅವರು ಬೈಯಲಿಲ್ಲ. "ಬಳ್ಳೊಳ್ಳಿ ಯಾಕ ಒಯ್ದ್ರು? ಅದು ಹೋಟೆಲ್‌ನವ್ರದಲ್ಲಾ?" ಎಂದರು. ಸಂಜೆಯ ಹೊತ್ತಿಗೆ ಅವಳು ಅದೇ ಜಾಗದಲ್ಲಿ ಒಂದು ರಟ್ಟಿನ ಮೇಲೆ ಕೂತಿದ್ದಳು. ಮರುದಿನ ಬೆಳಿಗ್ಗೆಯಿಂದ ಅತ್ತೆಯ ಬೈಗುಳ ಎಂದಿನಂತೆ ಶುರುವಾಯಿತು.

ನಾನು ಮುನಿಸಿಪಾಲಿಟಿಯ ಆಫೀಸಿಗೆ ಹೋಗಿ ದೂರು ಕೊಟ್ಟೆ. ಒಬ್ಬ ಇಂಜಿನಿಯರು ಬಂದು ನೋಡಿದ. ಕೆಲಸ ನಿಲ್ಲಿಸಬೇಕೆಂದು ಅವರಿಗೆ ಗಟ್ಟಿಯಾಗಿಯೇ ಹೇಳಿದ. ಹೋಗುವಾಗ ನನ್ನನ್ನು ಗ್ಯಾಲರಿಗೆ ಕರೆದು, "ಅಮ್ಮಾ, ಕಾಗದದ ಕೆಲಸಕ್ಕೆ ಸಮಯ ಹಿಡಿಯುತ್ತೆ. ಅಲ್ಲಿ ತನಕ ಬೇರೆ ಕಡೆ ಇರೋಕಾಗುತ್ತಾ ನೋಡಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬೇರೆ ಕಡೆ ಎಲ್ಲಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೆಲವು ದಿನ ಸುತ್ತಿಗೆ ನಿಂತಿತು. ಆಮೇಲೆ ಬೇರೊಂದು ಸದ್ದು ಬರತೊಡಗಿತು. ಧಬ್, ಧಬ್ ಎಂದು ಹಾಸಿಗೆ ಬಡಿದಂತೆ. ಸುತ್ತಿಗೆಯ ತಲೆಗೆ ಬಟ್ಟೆ ಸುತ್ತಿ ಒಡೆಯುತ್ತಿದ್ದರು. ಮೊದಲಿನ ಸದ್ದಿಗಿಂತ ಈ ಸದ್ದಿಗೆ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು. ಅಡುಗೆ ಮಾಡುವಾಗ, ಹೊಲಿಯುವಾಗ, ಊಟಕ್ಕೆ ಕೂತಾಗ ಕಿವಿ ಕೆಳಗೇ ಇರುತ್ತಿತ್ತು.

ಮನೆ ಬಿದ್ದ ದಿನ ಎರಡು ದಿನದ ಮಳೆ ಆಗಷ್ಟೇ ಹೊಳವಾಗಿತ್ತು. ಗಂಡ ದಾದರಿಗೆ, ಮಗಳು ಕಾಲೇಜಿಗೆ ಹೋಗಿಯಾಗಿತ್ತು. ನಾನು ಕುಕ್ಕರ್ ಇಟ್ಟು ಮಷಿನ್ನಿಗೆ ಕೂತಿದ್ದೆ. ಕೆಳಗಿನ ಸದ್ದು ಫಕ್ಕನೆ ನಿಂತಿತು. ಯಾರೋ "ಭಾಗೋ" ಎಂದು ಕೂಗಿದರು. ಆಮೇಲೆ ದಪ್ಪ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹರಿದಂಥ ಸದ್ದು, ಅದರ ಹಿಂದೆಯೇ ಕಲ್ಲು ಸುರಿದ ಸದ್ದು. ನೆಲ ಒಂದು ಕಡೆಗೆ ಇಳಿಯಿತು. ನನ್ನ ಮಷಿನ್ನು ಚಕ್ರದ ಮೇಲೆ ಉರುಳಿಕೊಂಡು ಹೋಗಿ ಎದುರಿನ ಗೋಡೆಗೆ ಬಡಿಯಿತು. ಗ್ಯಾಲರಿಯ ಕಡೆಯಿಂದ ಹಿಟ್ಟಿನಂಥ ಧೂಳು ಒಳಗೆ ನುಗ್ಗಿತು.

ನಾನು ಮೊದಲು ಮಾಡಿದ ಕೆಲಸ ಗ್ಯಾಸ್ ಆರಿಸಿದ್ದು. ಯಾಕೋ ಅದೊಂದು ನೆನಪಿದೆ. ಆಮೇಲೆ ಹೊರಗೆ ಓಡಿ ನೋಡಿದೆ. ಮೊದಲ ಮಹಡಿಯ ಗ್ಯಾಲರಿ ಅರ್ಧ ಇರಲಿಲ್ಲ. ಮೆಟ್ಟಿಲು ಇತ್ತು, ಆದರೆ ಗೋಡೆಯನ್ನು ಬಿಟ್ಟು ಒಂದು ಕಡೆಗೆ ವಾಲಿತ್ತು. ಮೇಲಿನ ಮಹಡಿಯವರು ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಒಬ್ಬೊಬ್ಬರಾಗಿ ಗೋಡೆಗೆ ಬೆನ್ನು ಹಚ್ಚಿ ಇಳಿಯುತ್ತಿದ್ದರು. "ಚಲಾ, ಚಲಾ ಲವಕರ್" ಎಂದು ನನ್ನನ್ನೂ ಬೇಗ ಇಳಿಯಲು ಕರೆದರು.

ನಾನು ಒಳಗೆ ಹೋಗಿ, "ಅತ್ತಿ, ಏಳ್ರಿ, ಕೆಳಗ ಹೋಗೋಣು" ಎಂದೆ.

ಅತ್ತೆ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಮುಖ, ಕೂದಲು, ಸೀರೆ ಎಲ್ಲ ಬೆಳ್ಳಗಾಗಿತ್ತು. "ನಾ ಬರಂಗಿಲ್ಲ" ಎಂದರು.

"ಮನಿ ಬೀಳಾಕತ್ತೈತ್ರಿ ಅತ್ತಿ!"

"ಬೀಳಂಗಿಲ್ಲ. ಇದೆಲ್ಲಾ ಆ ಹಲ್ಕಟ್ ಮಂದಿ ಆಟ. ನಾವು ಹೊರಗ ಕಾಲಿಟ್ವಿ ಅಂದ್ರ ಬೀಗ ಹಾಕ್ತಾರ. ಮತ್ತ ಒಳಗ ಬಿಡೂದಿಲ್ಲ. ನಿಮ್ಮ ಮಾವ ಸಾಯೂ ಮುಂದ ಏನ್ ಹೇಳಿದ್ರು? ಮನಿ ಬಿಡಬ್ಯಾಡ್ರಿ ಅಂದಿದ್ರು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗೆ ಹೊರಗೆ ಬಂದವರು ಮತ್ತೆ ಒಳಗೆ ಹೋಗದ ಎಷ್ಟೋ ಮನೆಗಳನ್ನು ನಾವೇ ನೋಡಿದ್ದೆವು. ನಾನು ಅವರ ತೋಳು ಹಿಡಿದು ಎಳೆದೆ. ಅವರು ಇನ್ನೂ ಬಿಗಿಯಾಗಿ ಸರಳು ಹಿಡಿದರು. ಬೆರಳು ಬಿಡಿಸಲು ಹೋದರೆ ನನ್ನ ಕೈಗೆ ಹೊಡೆದರು. ಅಳುತ್ತ ಬೇಡಿಕೊಂಡೆ, ಬೈದೆ. ಸೂರಿನಿಂದ ಸುಣ್ಣದ ಹಕ್ಕಳೆ ಬೀಳುತ್ತಲೇ ಇತ್ತು. ಅವರನ್ನು ಅಲ್ಲೇ ಬಿಟ್ಟು ಓಡುವ ಯೋಚನೆ ಬಂದು ಹೋಯಿತೋ ಇಲ್ಲವೋ ಈಗ ಹೇಳಲಾರೆ. ಕಾಲು ಮಾತ್ರ ಬಾಗಿಲ ಕಡೆಗೆ ತಿರುಗಿತ್ತು.

ಆಗ ಕೆಳಗಿನಿಂದ ಒಂದು ದನಿ ಬಂತು.

"ಏ ಮುದುಕೀ!"

ಫುಟ್‌ಪಾತಿನವಳು ರಸ್ತೆಯ ನಡುವೆ ನಿಂತು ಕತ್ತೆತ್ತಿ ನೋಡುತ್ತಿದ್ದಳು. ಗಂಡನನ್ನು ಆಗಲೇ ಎದುರು ಬದಿಗೆ ಎಳೆದುಕೊಂಡು ಹೋಗಿ ಕೂರಿಸಿದ್ದಳು.

"ಏ ಮುದುಕೀ, ಇಷ್ಟ್ ವರ್ಸಾ ಮ್ಯಾಲ ಕುಂತು ಬಾಯಿಗೆ ಬಂದಂಗ ಬೈದೀಯಲ್ಲಾ, ನಿನಗ ಧೈರ್ಯ ಇದ್ರ ಕೆಳಗಿಳದ್ ಬಾ! ಎದುರಿಗೆ ನಿಂತು ಬೈ ನೋಡೋಣು!"

ಕನ್ನಡ. ನಮ್ಮ ಕಡೆಯದೇ ಕನ್ನಡ. ಅತ್ತೆಯ ಬಾಯಿ ತೆರೆದುಕೊಂಡದ್ದು ಹಾಗೇ ಉಳಿಯಿತು.

"ಸಿಪ್ಪಿ ಅಂದಿ, ಹೇನು ಅಂದಿ, ನನ್ನ ಗಂಡನ ಕೆಮ್ಮು ಕೇಳಿ ಇನ್ನೂ ಯಾಕ ಸತ್ತಿಲ್ಲ ಅಂದಿ. ಎಲ್ಲಾ ಕೇಳೇನಿ, ಎಲ್ಲಾ ನೆನಪೈತಿ! ಬಾ ಕೆಳಗ! ಇಲ್ಲಂದ್ರ ನಾನ ಮ್ಯಾಲ ಬಂದು ಜುಟ್ಟು ಹಿಡದು ಎಳಕೊಂಡ್ ಬರ್ತೀನಿ!"

ಅತ್ತೆ ನನ್ನ ಕಡೆ ತಿರುಗಿ, "ಇಕಿಗೆ ಕನ್ನಡ ಬರ್ತೈತೇನ?" ಎಂದರು. ಮತ್ತೆ ಕೆಳಗೆ ನೋಡಿ, "ಯಾರ ಜುಟ್ಟು ಹಿಡಿತೀಯಲೇ? ಬರ್ತೀನಿ ತಡಿ, ತೋರಸ್ತೀನಿ ನಿನಗ" ಎಂದು ಸರಳು ಬಿಟ್ಟು ಎದ್ದುಬಿಟ್ಟರು. ನಾನು ಅವರ ಸೊಂಟಕ್ಕೆ ಕೈ ಹಾಕಿದೆ.

ಗೋಡೆಗೆ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದೆ. ಅತ್ತೆ ಸಿಟ್ಟಿನಲ್ಲಿ ಮೊಣಕಾಲನ್ನು ಮರೆತಿದ್ದರು. ಕೊನೆಯ ತಿರುವಿನಲ್ಲಿ ನಾಲ್ಕೈದು ಮೆಟ್ಟಿಲು ಮುರಿದು ಬಿದ್ದಿದ್ದವು. ಕೆಳಗಿನ ಮನೆಯಲ್ಲಿ ಮಂಚ ಬಾಡಿಗೆಗೆ ಹಿಡಿದಿದ್ದ ಒಬ್ಬ ಗಂಡಸು, ಯಾವತ್ತೂ ನಾವು ಮುಖ ಕೊಟ್ಟು ಮಾತಾಡಿಸದವನು, ಕಲ್ಲುರಾಶಿಯ ಮೇಲೆ ನಿಂತು ಕೈ ಚಾಚಿ ಅತ್ತೆಯನ್ನು ಎತ್ತಿಕೊಂಡ. ಆಚೆ ಕಡೆಯಿಂದ ಅವಳು ಕಾಲು ಹಿಡಿದುಕೊಂಡಳು. ನಾವು ರಸ್ತೆ ದಾಟಿ ಉಸಿರು ಬಿಡುವಷ್ಟರಲ್ಲಿ ಎರಡನೆಯ ಮಹಡಿಯ ಮೂಲೆ, ನಮ್ಮ ಕಿಟಕಿ ಇದ್ದ ಮೂಲೆ, ಮೇಲಿನ ಮಹಡಿಗಳ ಸಮೇತ ಬಾದಾಮಿ ಮರದ ಮೇಲೆ ಕುಸಿಯಿತು. ಅವಳು ಮತ್ತೆ ಕಟ್ಟಿಕೊಂಡಿದ್ದ ತಾಡಪತ್ರಿಯ ಮೇಲೆ ಬಿದ್ದದ್ದು ನಮ್ಮ ಮನೆಯ ಗೋಡೆ.

ಯಾರೂ ಸಾಯಲಿಲ್ಲ. ಗೋಡೆ ಒಡೆಯುತ್ತಿದ್ದ ಕೆಲಸಗಾರನೊಬ್ಬನ ಕೈ ಮುರಿದಿತ್ತು. ಅಗ್ನಿಶಾಮಕ ದಳದವರು ಹಗ್ಗ ಕಟ್ಟಿ ಎಲ್ಲರನ್ನೂ ಹಿಂದೆ ಸರಿಸಿದರು. ಅಣ್ಣ ಧೂಳು ಹಿಡಿದ ಬಿಳಿ ಅಂಗಿಯಲ್ಲೇ ಪೋಲೀಸರ ಮುಂದೆ ನಿಂತು, ಫುಟ್‌ಪಾತಿನವರ ಬೆಂಕಿಯಿಂದ ಹೀಗಾಯಿತು ಎಂದು ಹೇಳುತ್ತಿದ್ದ. ನಾನು ಹೋಗಿ ಅವನ ಪಕ್ಕದಲ್ಲಿ ನಿಂತೆ. ಸುತ್ತಿಗೆಗೆ ಬಟ್ಟೆ ಸುತ್ತಿದ್ದರಿಂದ ಹಿಡಿದು ಹೊರ ಚಿಲಕದ ತನಕ ಎಲ್ಲವನ್ನೂ ಹೇಳಿದೆ. ಈ ಸಲ ಮೇಲಿನ ಮಹಡಿಯವರೂ ಬಾಯಿಬಿಟ್ಟರು. ಅವನ ತಮ್ಮ ಆ ಗದ್ದಲದಲ್ಲಿ ಯಾವಾಗ ಜಾಗ ಖಾಲಿ ಮಾಡಿದನೋ ಯಾರೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಂಡ, ಮಗಳು ಓಡಿ ಬಂದರು. ಮಗಳು ಅಜ್ಜಿಯನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಕಾಂದಿವಲಿಯಲ್ಲಿದ್ದ ನನ್ನ ನಾದಿನಿ ಫೋನ್ ಮಾಡಿ ಎಲ್ಲರೂ ಬನ್ನಿ ಎಂದಳು. ಅತ್ತೆ ಒಪ್ಪಲಿಲ್ಲ. "ಮನಿ ಕಣ್ಣಿಗೆ ಕಾಣೂ ಜಾಗಾ ಬಿಟ್ಟು ನಾ ಎಲ್ಲೂ ಬರಂಗಿಲ್ಲ" ಎಂದು ಎದುರು ಫುಟ್‌ಪಾತಿನಲ್ಲಿ ಕೂತರು. ಹೀಗಾಗಿ ಗಂಡನೂ ಮಗಳೂ ನಾದಿನಿಯ ಮನೆಗೆ ಹೋಗಿ ಬಂದು ಮಾಡಿದರು. ನಾನು ಮತ್ತು ಅತ್ತೆ ಸುಮಾರು ಒಂದು ವಾರ ಆ ಫುಟ್‌ಪಾತಿನಲ್ಲೇ ಇದ್ದೆವು.

ಜಾಗ ಮಾಡಿಕೊಟ್ಟದ್ದು ಅವಳೇ. ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮುಂದೆ ಗುಡಿಸಿ, ರಟ್ಟು ಹಾಸಿ, "ಚಪ್ಪಲಿ ತಲಿ ಕೆಳಗ ಇಟ್ಕೋರಿ. ಸಾರ್ವಜನಿಕ ಸಂಡಾಸಿಗೆ ಮುಂಜಾನೆ ಬೆಳಕ ಹರಿಯೋಕಿಂತ ಮೊದ್ಲ ಹೋಗ್ರಿ, ಆಮ್ಯಾಲ ಪಾಳಿ ಭಾಳ. ಯಾರರ ಎಬ್ಬಸಾಕ ಬಂದ್ರ ಜಗಳಾಡಬ್ಯಾಡ್ರಿ, ಎದ್ದು ಸ್ವಲ್ಪ ಸರಿದು ಮತ್ತ ಕುಂಡ್ರಿ" ಎಂದು ಒಂದೊಂದಾಗಿ ಹೇಳಿದಳು. ಮೊದಲ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಯಾವ ಕಾಲು ಹತ್ತಿರ ಬಂದರೂ ಸೆರಗು ಬಿಗಿ ಹಿಡಿಯುತ್ತಿದ್ದೆ. ದಾರಿಯಲ್ಲಿ ಹೋಗುವವರು ನಮ್ಮನ್ನು ನೋಡದಂತೆ ನೋಡುವ ಒಂದು ರೀತಿ ಇದೆಯಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷ ಅದೇ ಗಲ್ಲಿಯಲ್ಲಿ ನಾನೂ ಹಾಗೆಯೇ ನಡೆದಿದ್ದೆ.

ಅತ್ತೆ ಎರಡು ದಿನ ಅವಳ ಜತೆ ಮಾತಾಡಲಿಲ್ಲ. ಅವಳು ಚಹಾ ತಂದುಕೊಟ್ಟರೆ ಕುಡಿದು ಲೋಟ ಇಡುತ್ತಿದ್ದರು. ಮೂರನೆಯ ದಿನ ಅವಳು ಎಲ್ಲಿಂದಲೋ ಒಂದು ಚೀಲ ಬೆಳ್ಳುಳ್ಳಿ ತಂದು ಸುಲಿಯಲು ಕೂತಾಗ ಅತ್ತೆ ಕೇಳಿಯೇಬಿಟ್ಟರು.

"ಯಾವೂರ ನಿಂದು?"

"ಅಕ್ಕಲಕೋಟಿ ಹತ್ರ. ಊರಿಗೆ ಊರ ಕನ್ನಡ ಮಾತಾಡ್ತಾರ, ಸಾಲಿ ಅಷ್ಟ ಮರಾಠಿ."

"ಇಲ್ಲಿಗೆ ಹೆಂಗ ಬಂದಿ?"

ಅವಳು ಕೈ ನಿಲ್ಲಿಸದೆ ಹೇಳಿದಳು. ಪಕ್ಕದ ಗಲ್ಲಿಯ ಒಂದು ಹಳೆಯ ಬಿಲ್ಡಿಂಗಿನಲ್ಲಿ, ಬಾಡಿಗೆದಾರನೊಬ್ಬನ ಅಡುಗೆಕೋಣೆಯನ್ನು ಗಂಡ ಹೆಂಡತಿ ಬಾಡಿಗೆಗೆ ಹಿಡಿದಿದ್ದರು. ಬಿಲ್ಡಿಂಗ್ ಕೆಡವಿದಾಗ ಹೆಸರಿದ್ದವರಿಗೆಲ್ಲ ಬೇರೆ ಜಾಗ ಸಿಕ್ಕಿತು. ಬಾಡಿಗೆದಾರನ ಬಾಡಿಗೆದಾರರಿಗೆ ಎಲ್ಲೂ ಹೆಸರಿರಲಿಲ್ಲ. ಹೋಟೆಲಿನ ಕೆಲಸ ಹತ್ತಿರವಿರಲಿ ಎಂದು ಒಂದು ವಾರಕ್ಕೆಂದು ಮರದ ಕೆಳಗೆ ಕೂತರು. ಅಷ್ಟೆ.

"ಕನ್ನಡ ಬರ್ತಿದ್ರ ಯಾಕ ಬಾಯಿ ಬಿಡಲಿಲ್ಲ ನೀನು?" ಎಂದರು ಅತ್ತೆ. ದನಿಯಲ್ಲಿ ಇನ್ನೂ ಜಬರದಸ್ತಿ ಇತ್ತು.

ಅವಳು ನಕ್ಕಳು. "ಬಾಯಿ ಬಿಟ್ಟಿದ್ರ ನೀವು ಬೈಯೂದು ನಿಲ್ಲಸ್ತಿದ್ರಿ. ಈ ಗಲ್ಯಾಗ ಕನ್ನಡ ಮತ್ತ ಯಾರ ಬಾಯಾಗ ಕೇಳ್ತಿದ್ದೆ ನಾನು? ನಮ್ಮವ್ವನೂ ಹಿಂಗ ಬೈತಿದ್ಳು. ಹಾಳಾಗಿ ಹೋಗ್ಲಿ ನಿನ್ನ ಬಾಳೇ ಅಂತ ನೀವಂದ್ರ, ಒಂದೊಂದ್ ಸಲ ನಗೂನ ಬರ್ತಿತ್ತು." ಇನ್ನೊಂದು ಗಡ್ಡೆ ಒಡೆದು ಎಸಳು ಬಿಡಿಸಿದಳು. "ಒಂದ ಮಾತು ಮಾತ್ರ ನನಗ ಭಾಳ ಹತ್ತಿತ್ತು. ಒಂದಿನ ಗೊಡ್ಡಿ ಅಂದ್ರಿ. ಅವತ್ತು ಆ ಕಡೆ ಗ್ವಾಡಿಗೆ ಹೋಗಿ ಕುಂತು ಅತ್ನಿ."

ತಪ್ಪಾಯಿತು ಎಂದು ಅತ್ತೆ ಯಾರಿಗೂ ಹೇಳಿದ್ದನ್ನು ನಾನು ನನ್ನ ಸಂಸಾರದಲ್ಲೇ ಕೇಳಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಚೀಲವನ್ನು ತಮ್ಮ ಕಡೆ ಎಳೆದುಕೊಂಡು ಸುಲಿಯತೊಡಗಿದರು. ಕತ್ತಲಾಗುವ ತನಕ ಸುಲಿದರು. ಬೆರಳು ಉರಿಯುತ್ತದೆ ಎಂದು ರಾತ್ರಿ ನನ್ನ ಹತ್ತಿರ ಹೇಳಿದರು, ಅವಳ ಹತ್ತಿರ ಹೇಳಲಿಲ್ಲ. ಮರುದಿನದಿಂದ ಇಬ್ಬರೂ ಎದುರುಬದುರು ಕೂತು ಜಗಳವಾಡಿಕೊಂಡೇ ಸುಲಿಯುತ್ತಿದ್ದರು. ಎಸಳಿಗೆ ಉಗುರು ತಾಗಿಸಬೇಡ, ಹೋಟೆಲಿನವರು ಬೈಯುತ್ತಾರೆ ಎಂದು ಅವಳು. ನನಗೆ ಬೆಳ್ಳುಳ್ಳಿ ಸುಲಿಯಲು ಕಲಿಸುತ್ತೀಯಾ ಎಂದು ಇವರು.

ಕೊನೆಗೆ ಅತ್ತೆ ಎದ್ದದ್ದು ಬಿಲ್ಡಿಂಗಿನ ಉಳಿದ ಭಾಗವನ್ನೂ ಇಳಿಸಲು ಶುರುಮಾಡಿದಾಗ. ಮೇಲಿನ ಎರಡು ಮಹಡಿ ಇಳಿಸಿದ ಮೇಲೆ ನಮ್ಮ ಎರಡು ಕೋಣೆಗಳಲ್ಲಿ ಒಂದು ಆಕಾಶಕ್ಕೆ ತೆರೆದುಕೊಂಡು ನಿಂತಿತ್ತು. ಗೋಡೆಯ ಹಸಿರು ಬಣ್ಣ, ಮಾವನ ಫೋಟೋ ತೂಗುಹಾಕಿದ್ದ ಮೊಳೆ ಎಲ್ಲ ರಸ್ತೆಗೆ ಕಾಣುತ್ತಿತ್ತು. ಅತ್ತೆ ಅದನ್ನು ನೋಡುತ್ತ ನಿಂತು, "ಇನ್ನ ಬೀಗ ಹಾಕೂದು ಏನೈತಿ? ನಡಿ" ಎಂದರು.

ಈಗ ನಾವು ಕಾಂದಿವಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗ್ರಾಂಟ್ ರೋಡಿನ ಜಾಗದ ಸುತ್ತ ತಗಡಿನ ಬೇಲಿ ಹಾಕಿದ್ದಾರೆ. ಕೇಸು ನಡೆಯುತ್ತಿದೆ. ಕೋರ್ಟಿನ ತಾರೀಖಿಗೆ ಹೋದಾಗ ಅಣ್ಣ ಸಿಗುತ್ತಾನೆ. ಅದೇ ಇಸ್ತ್ರಿಯ ಅಂಗಿ. "ಹೇಗಿದ್ದೀರಿ ಭಾಬಿ" ಎಂದು ಕೇಳುತ್ತಾನೆ. ಈಗಲೂ ಅವನ ದನಿ ಕೇಳಿದ ಕೂಡಲೇ ನಾನು ಕೇಸಿನ ಕಾಗದಗಳ ಚೀಲವನ್ನು ಎದೆಗೆ ಒತ್ತಿ ಹಿಡಿಯುತ್ತೇನೆ. ಮಗಳು ಇಂದಿಗೂ ಯಾವ ಬಿಲ್ಡಿಂಗಿನ ಮೆಟ್ಟಿಲನ್ನೂ ಒಬ್ಬಳೇ ಹತ್ತುವುದಿಲ್ಲ, ಲಿಫ್ಟಿಗೆ ಕಾಯುತ್ತಾಳೆ.

ತಗಡು ಹಾಕಿದಾಗ ಫುಟ್‌ಪಾತಿನವಳನ್ನೂ ಎಬ್ಬಿಸಿದರು. ತಾರೀಖಿಗೆ ಹೋದ ಒಂದು ದಿನ ನಾನು ಹುಡುಕಿದೆ. ಎರಡು ಗಲ್ಲಿ ಆಚೆ, ಒಂದು ಗೋದಾಮಿನ ಗೋಡೆಗೆ ಹೊಸ ತಾಡಪತ್ರಿ ಕಟ್ಟಿಕೊಂಡಿದ್ದಳು. ಗಂಡ ತೀರಿಕೊಂಡಿದ್ದ. ಅತ್ತೆ ನಿನ್ನನ್ನು ನೆನೆಯುತ್ತಾರೆ, ಒಂದು ದಿನ ಮನೆಗೆ ಬಾ ಎಂದು ಕರೆದೆ. ಬರುತ್ತಾಳೆಂದು ನನಗೆ ನಂಬಿಕೆಯಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಬಂದೇಬಿಟ್ಟಳು. ಒಗೆದ ಸೀರೆ ಉಟ್ಟಿದ್ದಳು. ಗೇಟಿನಲ್ಲಿ ವಾಚ್‌ಮನ್ ಬಿಡಲಿಲ್ಲ, ನಾನೇ ಕೆಳಗೆ ಹೋಗಿ ಕರೆತಂದೆ. ಅತ್ತೆ ಅವಳಿಗೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸಿದರು. ಇಬ್ಬರೂ ಊರಿನ ಮಾತು ಆಡಿದರು, ಯಾವುದೋ ಒಂದು ಗಾದೆಯ ಕೊನೆ ಹೇಗೆಂದು ಜಗಳವಾಡಿದರು. ನನ್ನ ಮಗಳು ತನ್ನ ಅರೆಬರೆ ಕನ್ನಡದಲ್ಲಿ, "ನೀವು ಇವತ್ತು ಇಲ್ಲೇ ಮಲಗಿ, ಆಂಟಿ" ಎಂದಳು. ಅತ್ತೆಯೂ, "ಇರವಾ, ನಾಳಿಗೆ ಹೋಗಂತಿ" ಎಂದರು.

ಅವಳು ಬಿಸಿಲು ನೋಡಿ ಎದ್ದುಬಿಟ್ಟಳು. "ಇಲ್ಲ ಆಯಿ. ಕತ್ತಲಾಗೂದ್ರಾಗ ಮುಟ್ಟಬೇಕು. ಒಂದ್ ರಾತ್ರಿ ಇಲ್ಲಂದ್ರ ಬ್ಯಾರೆದವ್ರು ಬಂದು ಕುಂಡರ್ತಾರ. ಆ ಜಾಗಾ ಹೋಯ್ತಂದ್ರ ಮತ್ತ ಸಿಗಂಗಿಲ್ಲ."

ಅತ್ತೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಸಿದರು. ನಾನು ಸ್ಟೇಷನ್ನಿನ ತನಕ ಹೋದೆ. ಚರ್ಚ್‌ಗೇಟ್ ಕಡೆಯ ಸ್ಲೋ ಗಾಡಿ ಬಂತು. ಹೆಂಗಸರ ಡಬ್ಬಿಯಲ್ಲಿ ಸೀಟು ಖಾಲಿ ಇದ್ದರೂ ಅವಳು ಬಾಗಿಲ ಬಳಿ ಕೆಳಗೇ ಕೂತಳು, ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು. "ಮ್ಯಾಲ ಕುಂಡ್ರ ಅ‌ಕ್ಕಾ" ಎಂದು ನಾನು ಪ್ಲಾಟ್‌ಫಾರ್ಮಿನಿಂದ ಕೂಗಿದೆ. ಅವಳು ಕೈ ಬೀಸಿ ಏನೋ ಹೇಳಿದಳು. ಗಾಡಿ ಹೊರಟದ್ದರಿಂದ ಕೇಳಿಸಲಿಲ್ಲ.